ಕೈಮಾತಿಗೊಂದು ಕ್ಯಾಮೆರಾ

೪ ನವೆಂಬರ್ ೨೦೦೭, ರವಿವಾರ

ತಮ್ಮ ಬಾಳು ಅಲಖನೂರಿನಿಂದ ಬಂದು ಹೋದ. ಅವನು ನಿಪ್ಪಾಣಿಗೆ ಬಂದನೆಂದರೆ ಎರಡು ಪೆಂಟಿ ಬೆಲ್ಲ, ಒಂದು ತಾಸು ಉಪದೇಶ, ಎರಡನ್ನೂ ನನ್ನ ಮನೆಯಲ್ಲಿ ಇಳಿಸಿಯೇ ಹೋಗುವವನು. ಈ ಸಲ ನನ್ನ ಮಗಳು ನೀಲಮಳಿಗೆ ಒಂದು ವರವನ್ನೂ ತಂದಿದ್ದ. ಕಾಗವಾಡದ ಹುಡುಗ, ಹೆಸರು ಲಖನ, ಅಂಗಡಿ ಬೋರ್ಡು ಬರೆಯುವ ಪೇಂಟರ. ಅವನಿಗೂ ಕಿವಿ ಕೇಳುವುದಿಲ್ಲ, ಮಾತಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಇಬ್ಬರಿಗೂ ಕೇಳಿಸದಿದ್ದರೆ ಬಾಗಿಲು ಬಡಿದಾಗ ತೆಗೆಯುವವರು ಯಾರು, ಕುಕ್ಕರಿನ ಸೀಟಿ ಎಣಿಸುವವರು ಯಾರು, ನಾಳೆ ಕೂಸು ಅತ್ತರೆ ಏಳುವವರು ಯಾರು ಎಂದು ಕೇಳಿದೆ. ಮನೆಯಲ್ಲಿ ಅವನ ತಾಯಿ ಲಕ್ಷ್ಮಿಬಾಯಿ ಇದ್ದಾಳೆ, ಅವಳ ಕಿವಿ ನಿನ್ನ ಕಿವಿಗಿಂತ ಚುರುಕು ಎಂದ. ಹುಡುಗ ಮಿರಜದ ಕಿವುಡರ ಶಾಲೆಯ ಹಾಸ್ಟೆಲ್ಲಿನಲ್ಲಿದ್ದು ಹತ್ತನೆಯ ಇಯತ್ತೆವರೆಗೆ ಓದಿದವನಂತೆ. ಕೈಭಾಷೆ ಬಲ್ಲ, ಬರೆಯಬಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಬಾಳು ಹೇಗಾದಾನು. "ಮಾವ ಅದ ಸಾಲಿ ಫಾರ್ಮ ತಂದಿದ್ದಾ ಅಕ್ಕಾ. ನೀನ ತುಂಬಗೊಡಲಿಲ್ಲ" ಎಂದ.

ತೀರಿಹೋದ ನನ್ನ ಯಜಮಾನರನ್ನು ಮಾತಿನ ನಡುವೆ ಎಳೆಯಬೇಡ ಎಂದೆ. ಐದು ವರ್ಷದ ಕೂಸನ್ನು ಹಾಸ್ಟೆಲ್ಲಿಗೆ ಬಿಟ್ಟಿದ್ದರೆ ತಲೆ ಬಾಚುವವರು ಯಾರಿದ್ದರು? ಹೊಟ್ಟೆ ನೋಯುತ್ತಿದೆ ಎಂದು ಅದು ಯಾರ ಮುಂದೆ ಹೇಳಬೇಕಿತ್ತು? ಒಂದೂವರೆ ವರ್ಷಕ್ಕೆ ಜ್ವರ ಬಂದು ಅವಳ ಕಿವಿ ಹೋದಂದಿನಿಂದ ನಾನೇ ಅವಳ ಶಾಲೆ. ನಾವಿಬ್ಬರೂ ಸೇರಿ ಕಟ್ಟಿಕೊಂಡ ಕೈಮಾತು ನಮ್ಮದು. ಬಗಲಿಗೆ ಕೈಯಿಟ್ಟರೆ ಜ್ವರ. ಗಲ್ಲಕ್ಕೆ ಬೆರಳೊತ್ತಿದರೆ ಬಾಳುಮಾಮಾ, ಏಕೆಂದರೆ ಅವನ ಗಲ್ಲದ ಮೇಲೊಂದು ನರಹುಲಿಯಿದೆ. ಇಂಥದ್ದು ಯಾವ ಶಾಲೆಯಲ್ಲಿ ಕಲಿಸುತ್ತಾರೆ? ಇಪ್ಪತ್ತು ವರ್ಷದಲ್ಲಿ ಸಾವಿರ ಮಾತಾದರೂ ಆಗಿವೆ ನಮ್ಮಲ್ಲಿ.


೧೮ ನವೆಂಬರ್, ರವಿವಾರ

ಕಾಗವಾಡದವರು ಹೆಣ್ಣು ನೋಡಲು ಬಂದಿದ್ದರು. ಬಂದವನೇ ಹುಡುಗ ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋಕ್ಕೆ ಕೈಮುಗಿದು, ಆಮೇಲೆ ನನಗೆ ಮುಗಿದ. ಎತ್ತರವಿದ್ದಾನೆ. ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ. ನೀಲಮ ಆ ಉಗುರುಗಳನ್ನೇ ನೋಡುತ್ತ ಕುಳಿತಿದ್ದಳು.

ಚಹಾ ಕೊಡುವಾಗ ಅವಳು "ಇನ್ನಷ್ಟು ಸಕ್ಕರೆ ಬೇಕೇ" ಎಂದು ಕೈಯಲ್ಲಿ ಕೇಳಿದಳು. ಬೆರಳು ಬಾಯಿಗೆ ಹಚ್ಚಿ ಚಿವುಟಿದಂತೆ ಮಾಡುವುದು, ನಮ್ಮ ಮನೆಯಲ್ಲಿ ಅದು ಸಕ್ಕರೆ. ಅವನು ಏನು ತಿಳಿದನೋ, ಅರ್ಧ ಚಹಾ ಉಳಿದ ಕಪ್ಪನ್ನು ಅವಳ ಕೈಗೆ ವಾಪಸು ಕೊಟ್ಟ. ಆಮೇಲೆ ಅವನು ಏನೋ ಕೇಳಿದ, ಬೆರಳುಗಳು ಸರಸರ ಓಡಿದವು, ಅವಳು ನನ್ನ ಮುಖ ನೋಡಿದಳು. ನನಗೂ ತಿಳಿಯಲಿಲ್ಲ. ಲಕ್ಷ್ಮಿಬಾಯಿ ಒಳ್ಳೆಯ ಹೆಂಗಸು. ನಿಮ್ಮ ಹುಡುಗಿಯ ಕೈಸನ್ನೆ ನಮಗೆ ಹೊಂದುವವರೆಗೆ ಅವಳಿಗೇ ಕಷ್ಟ ನೋಡಿ ಎಂದು ಮುಖ ಸಣ್ಣ ಮಾಡಿದರು.

ನೀಲಮ ಒಪ್ಪಿದ್ದಾಳೆ. ಅವರು ಹೋದ ಮೇಲೆ ಮೂರು ಸಲ ಕನ್ನಡಿ ನೋಡಿಕೊಂಡಳು. ನಾನು ಏನು ಹೇಳಲಿ.

ಮೊನ್ನೆ ನಾನು ಕಲಿಸುವ ಅಕ್ಕೋಳದ ಶಾಲೆಯಲ್ಲಿ ಹೆಡ್‌ಮಾಸ್ತರರು ತಮ್ಮ ಗೋಕರ್ಣದ ಟೂರು ತೋರಿಸಿದ್ದರು. ಅಂಗೈಯಷ್ಟು ಕ್ಯಾಮೆರಾ, ಟಿ.ವಿ.ಗೆ ವೈರು ಚುಚ್ಚಿದರೆ ಸಮುದ್ರ, ಒಂಟೆ, ಅವರ ಹೆಂಡತಿಯ ಒದ್ದೆ ಸೀರೆ ಎಲ್ಲ ಬಂತು. ಅಂಥದೊಂದು ಕೊಂಡು ನಮ್ಮ ಮಾತುಗಳನ್ನೆಲ್ಲ ಒಂದೊಂದಾಗಿ ಹಿಡಿದು ಕಾಗವಾಡಕ್ಕೆ ಕೊಟ್ಟುಬಿಡುತ್ತೇನೆ. ನೀಲಮ ಕೈ ಮಾಡಬೇಕು, ಬದಿಗೆ ನಿಂತು ನಾನು ಅರ್ಥ ಹೇಳಬೇಕು. ಅತ್ತೆಯಾದವಳು ನೋಡಿ ಕಲಿಯಲಿ. ಗೊತ್ತಿಲ್ಲದ ಮನೆಯಲ್ಲಿ ನನ್ನ ಮಗಳು ನೀರು ಬೇಕೆನ್ನಲೂ ಒದ್ದಾಡಬಾರದು.


೨೫ ನವೆಂಬರ್, ರವಿವಾರ

ಇಲ್ಲಿಯ ಅಂಗಡಿಗೆ ನೀಲಮಳನ್ನೂ ಕರೆದುಕೊಂಡು ಹೋಗಿದ್ದೆ. ಮಾರುವ ಹುಡುಗನಿಗೆ ಜೂಮು ಬಿಟ್ಟರೆ ಬೇರೆ ಲೋಕವೇ ಇಲ್ಲ. ಟೂರಿಗೆ ಹೋದರೆ ಗುಡ್ಡದ ಮೇಲಿನ ಗುಡಿಯ ಕಳಸವನ್ನೂ ಹತ್ತಿರ ತರುತ್ತದೆಯಂತೆ. ಕಳಸ ಅಲ್ಲಿಯೇ ಇರಲಿ, ಆರು ಫೂಟಿನಿಂದ ನನ್ನ ಮಗಳ ಮುಖ ಮತ್ತು ಎರಡೂ ಕೈ ಒಟ್ಟಿಗೆ ಕಾಣಬೇಕು, ನಮ್ಮ ಕೋಣೆ ಅಷ್ಟೇ ಉದ್ದ ಎಂದೆ. ಅವನು ನನ್ನನ್ನು ಪರೀಕ್ಷೆಯಲ್ಲಿ ಸಿಲೆಬಸ್ಸಿನ ಹೊರಗಿನ ಪ್ರಶ್ನೆ ನೋಡಿದವರಂತೆ ನೋಡಿದ. ಆಮೇಲೆ ಸೌಂಡಿನ ಬಗ್ಗೆ ಶುರು ಮಾಡಿದ. ಎದ್ದು ಬಂದೆ.


೨ ಡಿಸೆಂಬರ್, ರವಿವಾರ

ಹುಸೇನಮಿಯಾ ಅವರ ಸ್ಟುಡಿಯೋಕ್ಕೆ ಹೋಗಿದ್ದೆ. ನಿಪ್ಪಾಣಿಯ ಅರ್ಧ ಮದುವೆಗಳು ಅವರ ಹೆಗಲ ಮೇಲಿನ ಕ್ಯಾಮೆರಾದಲ್ಲಿಯೇ ಆಗಿದ್ದು. ಅವರದೇನೂ ಮಾರುವುದಿಲ್ಲ, ಹಾಗಾಗಿ ನಂಬಬಹುದು. ಕುರ್ಚಿ ಒರೆಸಿ ಕೊಟ್ಟು, ಮಕ್ಕಳಿಗೆ ಹೇಳಿದಂತೆ ಹೇಳಿದರು.

ಮೂರು ನಮೂನೆ ಇವೆ. ಸಣ್ಣ ಟೇಪಿನದು: ಚಿತ್ರ ಚೆನ್ನ, ಆದರೆ ನಡುವಿನ ಒಂದು ಮಾತು ಬೇಕೆಂದರೆ ಸುತ್ತುತ್ತ ಕೂಡಬೇಕು. ಸಣ್ಣ ಡಿಸ್ಕಿನದು: ತೆಗೆದು ನೇರವಾಗಿ ಬೀಗರ ಡಿ.ವಿ.ಡಿ. ಪ್ಲೇಯರಿಗೆ ಹಾಕಬಹುದು, ಆದರೆ ಒಂದು ಡಿಸ್ಕಿಗೆ ಮೂವತ್ತು ನಿಮಿಷ ಮಾತ್ರ. ಮೂರನೆಯದು ಹೊಸದು, ಒಳಗೇ ಹಾರ್ಡ್‌ಡಿಸ್ಕ್, ಏಳು ತಾಸು ಹಿಡಿಯುತ್ತದೆ. ಬೆಲೆಯೂ ಹಾಗೆಯೇ, ಮತ್ತೆ ಕಂಪ್ಯೂಟರಿಗೆ ಹಾಕಿ ಡಿಸ್ಕ್ ಮಾಡಿಸಬೇಕು.

ನನ್ನ ಉದ್ದೇಶ ಕೇಳಿದ ಮೇಲೆ, ನಿಮಗೆ ಸಣ್ಣ ಡಿಸ್ಕಿನದೇ ಸಾಕು ಎಂದರು. ನನಗೆ ಸರಿಯೆನಿಸಲಿಲ್ಲ. ಇಪ್ಪತ್ತು ವರ್ಷ ಮಿಯಾ, ಮೂವತ್ತು ನಿಮಿಷದಲ್ಲಿ ಹೇಗೆ ಹಿಡಿಯುತ್ತದೆ ಎಂದೆ. ಅವರು ಗಡ್ಡ ತುರಿಸಿಕೊಂಡು, ನಿಮ್ಮ ಮರ್ಜಿ ಅಕ್ಕೋರೆ ಎಂದರು.


೧೬ ಡಿಸೆಂಬರ್, ರವಿವಾರ. ಚಿಕ್ಕೋಡಿ

ಇಲ್ಲಿ ಎರಡು ಅಂಗಡಿ. ಒಂದರಲ್ಲಿ ಕತ್ತಲು ಕೋಣೆಯಲ್ಲಿ ಹಿಡಿದು ತೋರಿಸು ಎಂದೆ. ಕೈ ಬೀಸಿದರೆ ಹಿಂದೆ ಬಾಲ ಬರುತ್ತದೆ, ಯಾವ ಬೆರಳು ಯಾವುದು ಎಂದೇ ತಿಳಿಯುವುದಿಲ್ಲ. ನಮ್ಮ ಮನೆಯ ಬೆಳಕು ಅದಕ್ಕಿಂತ ಕಡೆ. ಬೇಡವೆಂದೆ. ಇನ್ನೊಂದರಲ್ಲಿ ಬೆಳಕು ಸರಿ, ಆದರೆ ಪುಟ್ಟ ಪರದೆ ತಿರುಗಿಸಿದರೆ ಬಿಸಿಲಿಗೆ ಏನೂ ಕಾಣದು. ಅದೂ ಬೇಡ.

ನೀಲಮಳಿಗೆ "ಊಟ, ನೀರು, ಬಾಗಿಲು ಹಾಕು, ಹೊರಗೆ ಹೋಗಬೇಡ" ಎಲ್ಲ ಮಾಡಿ ತೋರಿಸು ಎಂದೆ. ಸಂತೆಗೆ ಬಂದ ಜನ ಬಾಗಿಲಲ್ಲಿ ನಿಂತರು. ನಿಂತರೆ ನಿಲ್ಲಲಿ, ನಾನೇನೂ ಕಳವು ಮಾಡುತ್ತಿರಲಿಲ್ಲ. ಅವಳು ಎರಡು ಮಾಡಿ ಕೈಗಳನ್ನು ಓಢಣಿಯ ಒಳಗೆ ಇಟ್ಟುಕೊಂಡುಬಿಟ್ಟಳು. ಬಸ್ಸಿನ ದಣಿವು ಇರಬೇಕು.


೬ ಜನವರಿ ೨೦೦೮, ರವಿವಾರ

ರಾಯಬಾಗದಲ್ಲಿ ಒಂದು ಅಂಗಡಿ ಇದೆಯೆಂದು ಯಾರೋ ಹೇಳಿದ್ದರಿಂದ ಹೋಗಿದ್ದೆ. ಬ್ಯಾಟರಿ ಒಂದು ತಾಸೂ ಬರುವುದಿಲ್ಲವೆಂದ. ಬೇಡ.

ಬಾಳು ಸ್ಟ್ಯಾಂಡಿನಲ್ಲೇ ಸಿಕ್ಕ. ಕಾಗವಾಡದವರು ತಾರೀಖು ಕೇಳಿ ಕೇಳಿ ಸಾಕಾಗಿದ್ದಾರಂತೆ. ಜನರೆದುರೇ ದನಿ ಎತ್ತಿದ. "ನೀ ಕ್ಯಾಮೆರಾ ಆರಸಾಕತ್ತೀಯೋ, ಮದವಿ ಮುಂದ ಹಾಕಾಕತ್ತೀಯೋ?"

ಒಂದು ವಸ್ತು ಕೊಳ್ಳುವಾಗ ನಾಲ್ಕು ಕಡೆ ನೋಡುವುದು ತಪ್ಪೇ? ಅವನು ಎತ್ತು ಕೊಳ್ಳುವಾಗ ಹಲ್ಲು ನೋಡುವುದಿಲ್ಲವೇ? ಬಸ್ಸು ಹತ್ತಿದೆ.


೨೦ ಜನವರಿ, ರವಿವಾರ

ಕೊಲ್ಲಾಪುರಕ್ಕೆ ಹೋಗಿ ಕೊಂಡುಬಿಟ್ಟೆ. ಹಾರ್ಡ್‌ಡಿಸ್ಕಿನದೇ. ಕತ್ತಲಿಗೂ ಸರಿ, ಪರದೆಯೂ ಸರಿ, ಏಳು ತಾಸು. ಅಂಗಡಿಯವನು ಮರಾಠಿಯಲ್ಲಿ, ಬಾಯಿ, ಕಾಶಿಗೆ ಹೋಗಿಬರುವವರೂ ಇಷ್ಟು ದೊಡ್ಡದು ಒಯ್ಯುವುದಿಲ್ಲ ಎಂದ. ನಾನು ಕಾಶಿಗಿಂತ ದೂರದ್ದು ಹಿಡಿಯಬೇಕಾಗಿದೆ ಎಂದೆ. ಬಹಳ ದಿನದ ಮೇಲೆ ನನಗೇ ನನ್ನ ಮಾತು ಸೇರಿತು.

ದಾರಿಯುದ್ದಕ್ಕೂ ನೀಲಮ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಮದುವೆ ಮೇ ಹನ್ನೊಂದಕ್ಕೆ ಎಂದು ಬಾಳುವಿಗೆ ಫೋನು ಮಾಡಿ ಹೇಳಿದೆ.


೩ ಫೆಬ್ರವರಿ, ರವಿವಾರ

ಶುರುವಾಯಿತು. ಕ್ಯಾಮೆರಾವನ್ನು ಬಾಗಿಲಾಚೆ ಸ್ಟೂಲಿನ ಮೇಲೆ ಇಟ್ಟು, ಅವಳನ್ನು ಒಳಗಿನ ಗೋಡೆಗೆ ನಿಲ್ಲಿಸಿದರೆ ಮಾತ್ರ ಎರಡೂ ಕೈ ಹಿಡಿಯುತ್ತವೆ. ಟ್ಯೂಬ್‌ಲೈಟು ಇನ್ನೊಂದು ಹಾಕಿಸಿದೆ. ಶಾಲೆಯ ನೋಟಬುಕ್ಕಿನಲ್ಲಿ ದಿನದ ಮಾತುಗಳನ್ನು ಮೊದಲೇ ಬರೆದುಕೊಳ್ಳುತ್ತೇನೆ.

ಇವತ್ತು ಅಡುಗೆಮನೆ. ಪರದೆಯನ್ನು ಅವಳ ಕಡೆ ತಿರುಗಿಸಿದಾಗ ತನ್ನ ಕೈಗಳನ್ನು ತಾನೇ ನೋಡಿ ನಕ್ಕಳು. ದನಿ ಬಂತು. ಅವಳು ನಕ್ಕ ದನಿ ಕೇಳಿ ಎಷ್ಟು ದಿನವಾಗಿತ್ತೋ.


೧೭ ಫೆಬ್ರವರಿ, ರವಿವಾರ

ಒಂದೊಂದು ಮಾತನ್ನೂ ಮೂರು ಸಲ, ನಾಲ್ಕು ಸಲ ಹಿಡಿಯಬೇಕಾಗುತ್ತದೆ. ಅವಳು ಅವಸರ ಮಾಡುತ್ತಾಳೆ. ನನ್ನೊಡನೆ ಮಾಡುವಾಗ ಅರ್ಧ ಮಾಡಿದರೂ ನಡೆಯುತ್ತದೆ, ನನಗೆ ತಿಳಿಯುತ್ತದೆ. ಅತ್ತೆಮನೆಯವರಿಗೆ ಪೂರ್ತಿ ಮಾಡಬೇಕು ಎಂದು ಮತ್ತೆ ಮತ್ತೆ ಮಾಡಿಸುತ್ತೇನೆ. ಇವತ್ತು ನಡುವೆಯೇ ಮುಖ ತಿರುಗಿಸಿ ಹಿತ್ತಲಿಗೆ ಹೋದಳು. ಎರಡು ಏಟು ಕೊಡಬೇಕೆನಿಸಿತು. ಇನ್ನು ಮೂರು ತಿಂಗಳಿಗೆ ಹೋಗುವವಳು.


೯ ಮಾರ್ಚ್, ರವಿವಾರ

ಇವತ್ತಿನ ಪಟ್ಟಿಗೆ ಹನ್ನೊಂದೇ ಸಿಕ್ಕವು. ಕೂತು ನೆನೆದೆ. ಮಾಡುತ್ತ ಹೋದಂತೆ ಇನ್ನೂ ನೆನಪಾಗುತ್ತವೆ.


೧೬ ಮಾರ್ಚ್, ರವಿವಾರ

ಕ್ಯಾಮೆರಾ ಒಯ್ದು ಹುಸೇನಮಿಯಾ ಅವರಿಗೆ ಕೊಟ್ಟಿದ್ದೆ. ಒಂದೇ ಮಾತು ನಾಲ್ಕು ಸಲ ಬಂದಲ್ಲಿ ಒಳ್ಳೆಯದೊಂದು ಇಟ್ಟು ಉಳಿದದ್ದು ತೆಗೆದು, ಡಿಸ್ಕುಗಳನ್ನು ಮಾಡಿಕೊಡಿ ಎಂದಿದ್ದೆ. ಐದಾರು ಡಿಸ್ಕು ಆಗಬಹುದು, ಮೇಲೆ ನಂಬರು ಹಾಕಿ ಎಂದೂ ಹೇಳಿದ್ದೆ.

ಸಂಜೆ ಹೋದಾಗ ಒಂದೇ ಡಿಸ್ಕು ಕೊಟ್ಟರು. ಉಳಿದವು ಎಂದೆ.

"ಇಷ್ಟ ಐತ್ರಿ ಅಕ್ಕೋರ. ಇಪ್ಪತ್ತಾರು ನಿಮಿಷ" ಎಂದರು. ನಾನು ಕೈ ಚಾಚಿಕೊಂಡೇ ನಿಂತಿದ್ದೆ. ಅವರು ದನಿ ತಗ್ಗಿಸಿ, "ಸಣ್ಣ ಡಿಸ್ಕಿನ್ಯಾಗನ ಹಿಡೀತಿತ್ತು" ಎಂದರು.

ಅದನ್ನು ಕುಹಕದಿಂದ ಅಂದದ್ದಲ್ಲ, ಅದು ನನಗೆ ಗೊತ್ತು. ಆದರೂ ನಿಮಗೆ ಕಣ್ಣು ಕಾಣುವುದಿಲ್ಲ, ಏನೇನು ಅಳಿಸಿದ್ದೀರೋ ಎಂದು ರೇಗಿದೆ. ಪಾಪ, ಅವರು ಕಂಪ್ಯೂಟರು ಚಾಲೂ ಮಾಡಿ ಮೊದಲಿನಿಂದ ತೋರಿಸಿದರು. ಬೇಕಾದ ಒಂದನ್ನೂ ಅಳಿಸಿರಲಿಲ್ಲ. ಮನೆಗೆ ಬಂದು ನೋಟಬುಕ್ಕು ಎಣಿಸಿದೆ. ಇನ್ನೂರ ಹನ್ನೊಂದು.

ನಾನು ಒಂದನೇ ಇಯತ್ತೆಯ ಮಕ್ಕಳಿಗೆ ದಸರೆಯೊಳಗೆ ಇದಕ್ಕಿಂತ ಹೆಚ್ಚು ಶಬ್ದ ಕಲಿಸುತ್ತೇನೆ.


೧೭ ಮಾರ್ಚ್, ಸೋಮವಾರ

ಅಕ್ಕೋಳದ ಶಾಲೆಗೆ ಹೋಗಲಿಲ್ಲ. ತಲೆನೋವೆಂದು ಹೇಳಿ ಕಳಿಸಿದೆ. ಪಟ್ಟಿ ಮತ್ತೊಮ್ಮೆ ಓದಿದೆ. ಉಣ್ಣು, ತೊಳೆ, ಬಾ, ಕೂಡು, ಸುಮ್ಮನಿರು, ಮುಟ್ಟಬೇಡ, ಹೊರಗೆ ಹೋಗಬೇಡ, ಯಾರೋ ಬಂದರು, ಒಳಗೆ ಹೋಗು, ತಲೆ ಮೇಲೆ ಸೆರಗು ಹಾಕಿಕೊ. ಮುಕ್ಕಾಲು ಪಾಲು ನಾನು ಅವಳಿಗೆ ಹೇಳುವ ಮಾತು. ಅವಳು ನನಗೆ ಹೇಳುವುದು ಹಸಿವು, ನೋವು, ನಿದ್ದೆ, ಮುಟ್ಟು, ಸಾಕು. ನಿನ್ನೆ ಎನ್ನಲು ಇಲ್ಲ. ನಾಳೆ ಎನ್ನಲು ಇಲ್ಲ. ಅವಳ ಅಪ್ಪ ತೀರಿಕೊಂಡಾಗ ಅವಳಿಗೆ ಎಂಟು ವರ್ಷ. "ಮಲಗಿದ್ದಾರೆ" ಎಂದು ಕೈಮಾಡಿದ್ದೆ. ಅದನ್ನು ಆಮೇಲೆ ತಿದ್ದಲಿಲ್ಲ.

ಮಾತು ಕಡಿಮೆಯಿದ್ದರೆ ಏನಾಯಿತು, ನಾವು ಒಬ್ಬರನ್ನೊಬ್ಬರು ಬಲ್ಲೆವು. ನಾನು ಅವಳ ಹೆಜ್ಜೆಯಿಂದಲೇ ಅವಳ ಮನಸ್ಸು ಹೇಳಬಲ್ಲೆ.


೨೩ ಮಾರ್ಚ್, ರವಿವಾರ

ಹೊಸ ಮಾತುಗಳನ್ನು ಕೂಡಿಸಿ ಒಂದು ತಾಸಾದರೂ ಮಾಡೋಣವೆಂದು ಕೂತೆ. ನಾಳೆ ಎನ್ನಲು ಕೈಯನ್ನು ತಲೆಯ ಮೇಲಿಂದ ಆಚೆಗೆ ಹಾಕಿ ತೋರಿಸಿದೆ. ಅವಳು ಹಾಗೆಯೇ ಹಾಕಿದಳು. ಕ್ಯಾಲೆಂಡರು ತೋರಿಸಿದೆ, ಸೂರ್ಯನನ್ನು ತೋರಿಸಿದೆ. ಮತ್ತೆ ಹಾಗೆಯೇ ಹಾಕಿದಳು. ನಾನು ಏನು ಮಾಡಿದರೂ ಅದನ್ನೇ ಮಾಡುತ್ತಾಳೆ, ತಿಳಿದು ಮಾಡುತ್ತಿಲ್ಲ, ನಾನು ಬಿಡಲಿ ಎಂದು ಮಾಡುತ್ತಾಳೆ. ಕ್ಯಾಮೆರಾ ಎಲ್ಲವನ್ನೂ ಹಿಡಿದಿದೆ. ಅಳಿಸಿದೆ.


೧೧ ಮೇ, ರವಿವಾರ

ಮದುವೆಯಾಯಿತು. ಕಾಗವಾಡದ ಸಮಾಜಮಂದಿರದಲ್ಲಿ, ಬಿಳಿ ಸೀರೆಯಲ್ಲಿ. ಬುದ್ಧನ ಮೂರ್ತಿಯ ಮುಂದೆ ಭಂತೇಜಿ ತ್ರಿಶರಣ ಹೇಳಿದಾಗ ಮಂದಿಯೆಲ್ಲ ಹಿಂದಿನಿಂದ ಅಂದರು. ಮದುಮಕ್ಕಳು ಇಬ್ಬರೂ ಎಲ್ಲರ ಬಾಯಿ ನೋಡುತ್ತ ನಿಂತಿದ್ದರು. ಆಗ ಲಖನ ಅವಳ ಕಡೆ ತಿರುಗಿ, ನಿಧಾನವಾಗಿ, ಕೈಯಲ್ಲಿ ಏನೋ ಹೇಳಿದ. ಮತ್ತೊಮ್ಮೆ ಹೇಳಿದ. ಮೂರನೆಯ ಸಲ ಅವಳೂ ಅವನ ಜೊತೆ ಮಾಡಿದಳು.

ಡಿಸ್ಕನ್ನು ಲಕ್ಷ್ಮಿಬಾಯಿಯವರ ಕೈಗೇ ಕೊಟ್ಟೆ. ದಿನಾ ಸ್ವಲ್ಪ ಸ್ವಲ್ಪ ನೋಡಿ ಎಂದೆ.


೨೨ ಜೂನ್, ರವಿವಾರ

ಮನೆಯಲ್ಲಿ ಯಾವಾಗಲೂ ಸದ್ದಿರಲಿಲ್ಲ. ಈಗಲೂ ಇಲ್ಲ. ಆದರೂ ಬೇರೆಯೇ ಇದೆ.


೧೭ ಆಗಸ್ಟ್, ರವಿವಾರ. ಕಾಗವಾಡ

ಮೊದಲ ಸಲ ಮಗಳ ಮನೆಗೆ ಹೋಗಿದ್ದೆ. ಇಬ್ಬರೂ ಮನೆಯಲ್ಲಿರಲಿಲ್ಲ. ರವಿವಾರ ಮಿರಜಕ್ಕೆ ಹೋಗುತ್ತಾರಂತೆ, ಅಲ್ಲಿ ಅವನ ಶಾಲೆಯ ಗೆಳೆಯ ಗೆಳತಿಯರು ಹದಿನೈದು ಮಂದಿ ಒಂದೆಡೆ ಸೇರುತ್ತಾರಂತೆ. ಒಂದು ಸೊಲ್ಲಿಲ್ಲ, ಆದರೆ ನೋಡಿದರೆ ಸಂತೆಯ ಗದ್ದಲ ಎಂದು ಲಕ್ಷ್ಮಿಬಾಯಿ ನಕ್ಕರು. ನೀಲಮಳೇ ಎಲ್ಲರಿಗಿಂತ ಕೊನೆಗೆ ಅಲ್ಲಿಂದ ಏಳುವವಳಂತೆ.

ಡಿಸ್ಕಿನ ಬಗ್ಗೆ ಕೇಳಿದೆ. ಮೊದಲ ತಿಂಗಳು ಬಹಳ ಉಪಯೋಗಕ್ಕೆ ಬಂತು ಎಂದರು. "ಈಗ ಅಕಿ ಬ್ಯಾರೆನ ಮಾಡ್ತಾಳ್ರಿ. ನಾನೂ ಅಕಿ ಕಡೆನ ಕಲಿಯಾಕತ್ತೇನಿ."

ಕತ್ತಲಾಗುವ ಮುಂಚೆ ಇಬ್ಬರೂ ಬಂದರು. ನೀಲಮ ನನ್ನನ್ನು ನೋಡಿ ಓಡಿ ಬಂದು ಕುತ್ತಿಗೆಗೆ ಜೋತುಬಿದ್ದಳು. ಮೈ ತುಂಬಿಕೊಂಡಿದ್ದಾಳೆ. ಆಮೇಲೆ ಏನೇನೋ ಹೇಳಿದಳು. ನಾನು ತಲೆ ಆಡಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವಳು ನಿಲ್ಲಿಸಿ, ನಮ್ಮ ಮಾತಿನಲ್ಲಿ "ಊಟ?" ಎಂದು ಕೇಳಿದಳು. ಕೂಸಿಗೆ ಕೇಳಿದಂತೆ, ನಿಧಾನವಾಗಿ.

ಒಂದು ಹೊಟ್ಟೆಕಿಚ್ಚು ಆಗುತ್ತಿದೆ. ಬರೆಯಲು ನಾಚಿಕೆಯಾಗುತ್ತದೆ. ಮಗಳು ಸುಖವಾಗಿದ್ದಾಳೆ, ಮತ್ತೇನು ಬೇಕು ನಿನಗೆ, ಸುಂದರಾ, ಎಂದು ನನ್ನನ್ನೇ ಕೇಳಿಕೊಂಡೆ.


೯ ಅಕ್ಟೋಬರ್, ಗುರುವಾರ. ದಸರೆ

ಮಗಳು ಅಳಿಯ ಬಂದಿದ್ದರು. ಹೋಳಿಗೆ ಮಾಡಿದ್ದೆ. ಕ್ಯಾಮೆರಾವನ್ನು ಟಿ.ವಿ. ಮೇಲಿಟ್ಟು ಚಾಲೂ ಮಾಡಿದ್ದೆ. ಜಾಗ ಹೇಗೂ ಬೇಕಾದಷ್ಟಿದೆ.

ಊಟವಾದ ಮೇಲೆ ಅವರಿಬ್ಬರೂ ಮಾತಿಗೆ ಕೂತರು. ಮಾತೆಂದರೆ ಮಾತು. ಅವಳ ಬೆರಳು, ಹುಬ್ಬು, ತುಟಿ, ಹೆಗಲು, ಒಂದೂ ಸುಮ್ಮನಿಲ್ಲ. ನಗುತ್ತಾಳೆ, ಜಗಳಾಡುತ್ತಾಳೆ, ಅವನ ಕೈ ಹಿಡಿದು ನಿಲ್ಲಿಸಿ ತನ್ನದನ್ನು ಮುಗಿಸುತ್ತಾಳೆ. ನನ್ನ ನೀಲಮ ಇಷ್ಟು ಬಾಯಿಬಡಕಿಯೆಂದು ನನಗೆ ಗೊತ್ತೇ ಇರಲಿಲ್ಲ. ನಾನು ತಾಟು ತೆಗೆಯುತ್ತ, ಯಾರದೋ ಮನೆಗೆ ಬಂದವಳಂತೆ ನೋಡುತ್ತಿದ್ದೆ.

ಆಮೇಲೆ ಅವಳು ನನ್ನ ಕಡೆ ತಿರುಗಿ ಏನೋ ಕೇಳಿದಳು. ತಿಳಿಯಲಿಲ್ಲ. ಮತ್ತೆ ಕೇಳಿದಳು. ಊಟ, ನೋವು, ನೀರು, ನನಗೆ ಗೊತ್ತಿದ್ದ ಯಾವುದರ ಹಾಗೂ ಇರಲಿಲ್ಲ. ಲಖನನ ಕಡೆ ನೋಡಿದಳು. ಅವನು ಬೇಡವೆನ್ನುವಂತೆ ತಲೆ ಆಡಿಸಿದ. ಅವಳು ಅವನ ತೊಡೆಯ ಮೇಲೆ ಹೊಡೆದಳು. ಅವನು ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಬದಿಗೆ, ಬೋರ್ಡಿಗೆ ಬರೆದಂತೆ ದುಂಡಗೆ ಬರೆದು ನನ್ನ ಮುಂದೆ ಇಟ್ಟ.

"ನೀಲಮ ಕೇಳುತ್ತಾಳೆ. ನನ್ನನ್ನು ಶಾಲೆಗೆ ಏಕೆ ಹಾಕಲಿಲ್ಲ?"

ಪೆನ್ನು ತೆಗೆದುಕೊಂಡೆ. ಹಾಸ್ಟೆಲ್ಲು, ಹೊಟ್ಟೆನೋವು, ತಲೆ ಬಾಚುವುದು, ಬಾಳುವಿಗೆ ಹೇಳಿದ್ದನ್ನೆಲ್ಲ ಬರೆಯಬಹುದಾಗಿತ್ತು. ಬರೆದದ್ದು ಬೇರೆ. "ನಿನ್ನನ್ನು ಬಿಟ್ಟಿರಲು ನನ್ನಿಂದ ಆಗಲಿಲ್ಲ" ಎಂದು ಬರೆದೆ. ಅದು ಖರೆ. ಇಷ್ಟು ವರ್ಷ ಈ ದಿನಚರಿಯಲ್ಲಿಯೂ ನಾನು ಅದನ್ನು ಬರೆದಿರಲಿಲ್ಲ.

ಲಖನ ಓದಿ, ಕೈಯಲ್ಲಿ ಅವಳಿಗೆ ಹೇಳಿದ. ಹೇಳಲು ಹೊತ್ತೇನೂ ಹಿಡಿಯಲಿಲ್ಲ. ಅವಳು ನನ್ನನ್ನೇ ನೋಡುತ್ತ ಕೈಯಿಂದ ಏನೋ ಅಂದಳು, ಸಿಟ್ಟಿರಲಿಲ್ಲ ಮುಖದಲ್ಲಿ. ನಾನು ಹಾಳೆಯನ್ನು ಅವನ ಮುಂದೆ ಸರಿಸಿದೆ. ಅವನು ಬರೆಯಲಿಲ್ಲ. ಪೆನ್ನನ್ನು ಕೈಗೇ ಕೊಟ್ಟೆ. ಅದರ ಟೊಪ್ಪಿಗೆ ಹಾಕಿ ಕೆಳಗಿಟ್ಟ.

ಐದರ ಬಸ್ಸಿಗೆ ಹೋದರು. ಹೋಗುವಾಗ ಅವಳು ನನ್ನ ಕೆನ್ನೆ ಸವರಿದಳು.


೧೦ ಅಕ್ಟೋಬರ್, ಶುಕ್ರವಾರ

ಕ್ಯಾಮೆರಾದಲ್ಲಿ ಅದು ಇದೆ. ಎಂಟು ಸೆಕೆಂಡು. ಮುಖವೂ, ಎರಡೂ ಕೈಯೂ ಸ್ಪಷ್ಟವಾಗಿವೆ. ಇಪ್ಪತ್ತು ಸಲ ನೋಡಿದೆ. ಎದೆಗೆ ಬೆರಳು ಹಚ್ಚುತ್ತಾಳೆ, ಅದು "ನಾನು" ಇರಬೇಕು. ಉಳಿದದ್ದು ಒಂದೂ ತಿಳಿಯುವುದಿಲ್ಲ. ಹೆತ್ತ ಮಗಳ ಮಾತು.


೧೩ ಅಕ್ಟೋಬರ್, ಸೋಮವಾರ. ಮಿರಜ

ದಸರೆ ರಜೆ ಇನ್ನೂ ಇದೆ, ಯಾರನ್ನೂ ಕೇಳಬೇಕಾಗಿರಲಿಲ್ಲ. ಬೆಳಗಿನ ಬಸ್ಸಿಗೆ ಹೋದೆ. ಸ್ಟ್ಯಾಂಡಿನಿಂದ ರಿಕ್ಷಾದವನಿಗೆ ಕಿವುಡರ ಶಾಲೆ ಎಂದೆ, ಹತ್ತು ನಿಮಿಷಕ್ಕೆ ಗೇಟಿನ ಮುಂದೆ ಇಳಿಸಿದ. ಹತ್ತು ನಿಮಿಷ. ಒಳಗೆ ಮಧ್ಯಾಹ್ನದ ಬಿಡುವು, ಅಂಗಳದ ತುಂಬ ಸಣ್ಣ ಹುಡುಗಿಯರು, ಎರಡು ಜಡೆ, ಕೆಂಪು ರಿಬ್ಬನ್ನು. ಯಾರೋ ಎಲ್ಲರ ತಲೆಯನ್ನೂ ನೀಟಾಗಿ ಬಾಚಿದ್ದರು. ಸ್ವಲ್ಪ ಹೊತ್ತು ಗೇಟು ಹಿಡಿದುಕೊಂಡು ನಿಂತೆ.

ಉಜ್ವಲಾ ಎಂಬ ಶಿಕ್ಷಕಿ ಸಿಕ್ಕರು, ಅಥಣಿ ಕಡೆಯವರು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಯಾವ ಮಗುವಿನ ಸಲುವಾಗಿ ಬಂದಿರಿ ಎಂದು ಕೇಳಿದರು. ನಾನು ಕ್ಯಾಮೆರಾ ಬಿಚ್ಚಿ ಪುಟ್ಟ ಪರದೆಯನ್ನು ಅವರ ಕಡೆ ತಿರುಗಿಸಿದೆ. ಈ ಹುಡುಗಿ ಏನು ಹೇಳುತ್ತಿದ್ದಾಳೆ, ಅಷ್ಟು ಹೇಳಿ ಸಾಕು ಎಂದೆ.

ಅವರು ನೋಡಿದರು. ಮತ್ತೊಮ್ಮೆ ನೋಡಿದರು. ಇವಳು ಈಚೆಗೆ ಕಲಿತವಳು, ಆದರೆ ಕೈ ಚೆನ್ನಾಗಿದೆ ಎಂದರು. ನೀವು ಯಾರಾಗಬೇಕು ಎಂದರು. ತಾಯಿ ಎಂದೆ. ಅವರು ಪರದೆ ಮುಚ್ಚಿ ಕೈಯಲ್ಲಿ ಹಿಡಿದುಕೊಂಡರು. ಲಖನ ಪೆನ್ನು ಕೆಳಗಿಟ್ಟಾಗ ಮಾಡಿದ್ದ ಮುಖವೇ ಇದು. ನಾನೂ ಒಬ್ಬ ಶಿಕ್ಷಕಿ, ಇಪ್ಪತ್ತಾರು ವರ್ಷ ಮಕ್ಕಳಿಗೆ ಕಲಿಸಿದವಳು, ನನ್ನ ಮುಂದೆ ಮುಚ್ಚಿಡಬೇಡಿ ಎಂದೆ.

"ಇಷ್ಟ ಅನ್ನಾಕತ್ತಾಳ್ರಿ" ಎಂದರು. "ಆವಾಗ ನನಗ ಮಾತು ಇದ್ದಿದ್ರ, ಕಳಸು ಅಂತಿದ್ದೆ."

ಹೊರಗೆ ಬಿಡುವು ಮುಗಿಯಿತು. ಗಂಟೆ ಇಲ್ಲ ಅಲ್ಲಿ, ಯಾರೋ ಒಂದು ದೊಡ್ಡ ದೀಪವನ್ನು ಹಚ್ಚಿ ಆರಿಸಿದರು, ಮಕ್ಕಳು ಸಾಲಾಗಿ ಒಳಗೆ ಬಂದವು. ಉಜ್ವಲಾಬಾಯಿ ನೀರು ತರಿಸಿಕೊಟ್ಟರು. ನಾನು ಅತ್ತುಬಿಟ್ಟೆ, ಅದನ್ನೇಕೆ ಬರೆಯದಿರಬೇಕು. ಅತ್ತುಬಿಟ್ಟೆ, ಪರವೂರಿನ ಆಫೀಸಿನಲ್ಲಿ, ಸೆರಗು ಬಾಯಿಗೆ ತುರುಕಿಕೊಂಡು.

ಆಮೇಲೆ, ತಪ್ಪಾಯಿತು ಎನ್ನುವುದು ಕೈಯಲ್ಲಿ ಹೇಗೆ ಎಂದು ಕೇಳಿದೆ. ತೋರಿಸಿದರು. ಮಾಡಿದೆ. ಹಾಗಲ್ಲ, ಮುಖವೂ ಹೇಳಬೇಕು ಎಂದರು. ಮತ್ತೆ ಮಾಡಿದೆ. ಐವತ್ತೆರಡರ ಬೆರಳುಗಳು, ಬಗ್ಗುವುದಿಲ್ಲ. ಐದಾರು ಸಲವಾದ ಮೇಲೂ ಸರಿ ಬರಲಿಲ್ಲ. ಶನಿವಾರ ಮಧ್ಯಾಹ್ನ ತಂದೆತಾಯಂದಿರಿಗೆಂದು ಒಂದು ಕ್ಲಾಸು ಇರುತ್ತದೆ, ಬನ್ನಿ ಎಂದು ಒಂದು ಫಾರ್ಮು ಕೊಟ್ಟರು. ಅಲ್ಲಿಯೇ ಕೂತು ತುಂಬಿದೆ. ಮಗುವಿನ ವಯಸ್ಸು ಎಂಬಲ್ಲಿ ಇಪ್ಪತ್ಮೂರು ಎಂದು ಬರೆದು ಸಹಿ ಹಾಕಿದೆ.